‘ಬಹುಶಃ’ ಎಂಬ ಮಾತು ಮತ್ತು ಸತ್ಯಾಣುವ್ರತ

ತುಮಕೂರಿನ ಮಂಡಿಪೇಟೆಯಲ್ಲಾಗಲಿ, ಗುಬ್ಬಿಯ ಅಡಿಕೆ ವ್ಯಾಪಾರದಲ್ಲಾಗಲಿ, ಕುಣಿಗಲ್ಲಿನ ನಿವೇಶನದ ಮಾತುಕತೆಯಲ್ಲಾಗಲಿ, ಕನ್ನಡದ ನಡುವೆ ಕೆಲವು ಇಂಗ್ಲಿಷ್ ಮಾತುಗಳು ನುಸುಳುವುದುಂಟು: ‘ಐ ಥಿಂಕ್’, ‘ಮೋರ್ ಆರ್ ಲೆಸ್’, ‘ಆಸ್ ಫಾರ್ ಆಸ್ ಐ ನೋ’. ಹೇಳಿಕೆಯ ಬಿರುಸನ್ನು ತಗ್ಗಿಸುವುದು ಇವುಗಳ ಕೆಲಸ. ಇದು ವಿನಯವೋ, ನುಣುಚಿಕೊಳ್ಳುವ ಉಪಾಯವೋ ಎಂಬುದನ್ನು ಸತ್ಯಾಣುವ್ರತಿಯಾದ ಶ್ರಾವಕನು ವಿಚಾರಿಸಬೇಕಾಗಿದೆ.

ನಮ್ಮ ಸ್ಯಾದ್ವಾದವೇ ಇಂತಹ ಮಾತಿಗೆ ಆಧಾರವೆಂದು ಕೆಲವರು ಭಾವಿಸುತ್ತಾರೆ. ‘ಸ್ಯಾತ್’ ಪದವನ್ನು ‘ಮೇ ಬಿ’ ಎಂದು ಅನುವಾದಿಸಿದ ಇಂಗ್ಲಿಷ್ ಗ್ರಂಥಗಳಿಂದ ಹುಟ್ಟಿದ ಭ್ರಮೆಯಿದು. ‘ಸ್ಯಾತ್’ ಎಂಬುದು ನಿಪಾತ. ‘ಕಥಂಚಿತ್’, ಅಂದರೆ ‘ಒಂದು ಅಪೇಕ್ಷೆಯಿಂದ’ ಎಂದು ಅದರ ಅರ್ಥ. ‘ಸ್ಯಾದಸ್ತ್ಯೇವ’ ಎಂಬಲ್ಲಿ ‘ಏವ’ಕಾರವೂ ಸೇರಿದೆ. ಮಡಕೆಯು ಸ್ವದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಂದ ಇದ್ದೇ ಇದೆ. ಪರದ್ರವ್ಯಾದಿಗಳ ಅಪೇಕ್ಷೆಯಿಂದ ಇಲ್ಲವೇ ಇಲ್ಲ. ‘ಸ್ಯಾತ್’ ಮಾತಿನ ಎಲ್ಲೆಯನ್ನು ತೋರಿಸುತ್ತದೆ. ‘ಏವ’ ಆ ಎಲ್ಲೆಯೊಳಗೆ ನಿಶ್ಚಯವನ್ನು ಕೊಡುತ್ತದೆ. ಸಂಶಯಕ್ಕೆ ಅಲ್ಲಿ ಸ್ಥಾನವಿಲ್ಲ.

ವ್ಯವಹಾರದಲ್ಲಿಯೂ ಇದೇ ಒರೆಗಲ್ಲು. ಲೆಕ್ಕ ಪರಿಶೋಧಕರು ‘ನಮಗೆ ದೊರೆತ ಮಾಹಿತಿ ಮತ್ತು ವಿವರಣೆಗಳ ಮೇರೆಗೆ’ ಎಂದು ಬರೆಯುವಾಗ ತಮ್ಮ ಅಭಿಪ್ರಾಯದ ಆಧಾರವನ್ನು ತಿಳಿಸುತ್ತಾರೆ. ಅದರಿಂದ ಓದುವವನ ತಿಳಿವು ಹೆಚ್ಚುತ್ತದೆ. ಅಡಿಕೆಯಲ್ಲಿ ತೇವವಿರುವುದನ್ನು ಬಲ್ಲ ವರ್ತಕನು ‘ಐ ಥಿಂಕ್, ಒಣಗಿದೆ’ ಎಂದರೆ ಕೊಳ್ಳುವವನ ತಿಳಿವು ಕುಗ್ಗುತ್ತದೆ. ಇಂಗ್ಲಿಷ್ ಅರಿಯದವನಿಗೆ ‘ಒಣಗಿದೆ’ ಎಂಬುದಷ್ಟೇ ಕಿವಿಗೆ ಬೀಳುತ್ತದೆ; ‘ಐ ಥಿಂಕ್’ ವರ್ತಕನ ರಕ್ಷಣೆಗೆ ಉಳಿಯುತ್ತದೆ.

ಬಿಲ್ಲಿನ ಕೆಳಗೆ ಅಚ್ಚಾಗುವ ‘ಇ. ಅಂಡ್ ಓ. ಇ.’ ಎಂಬ ಅಕ್ಷರಗಳನ್ನೂ ಗಮನಿಸಬಹುದು. ತಪ್ಪು ಮತ್ತು ಬಿಟ್ಟುಹೋದದ್ದರ ಹೊರತು ಎಂದು ಅವುಗಳ ತಾತ್ಪರ್ಯ. ಮಾರವಾಡಿ ವರ್ತಕರು ಇದೇ ಸ್ಥಳದಲ್ಲಿ ಬರೆಯುತ್ತಿದ್ದ ಮಾತು ‘ಭೂಲ್ ಚೂಕ್ ಲೇನೀ ದೇನೀ’. ತಪ್ಪಾಗಿದ್ದರೆ ನಮಗೆ ಬರಬೇಕಾದುದನ್ನು ಪಡೆಯುತ್ತೇವೆ, ನಾವು ಕೊಡಬೇಕಾದುದನ್ನು ಕೊಡುತ್ತೇವೆ ಎಂಬ ಉಭಯ ಹೊಣೆ ಅದರಲ್ಲಿ ಸ್ಪಷ್ಟವಾಗಿದೆ.

ತತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸಿದೆ. ಇಟ್ಟ ಒಡವೆಯ ಲೆಕ್ಕವನ್ನು ಮರೆತವನು ಕಡಿಮೆ ಕೇಳಿದಾಗ, ‘ಅಷ್ಟೇ’ ಎಂದು ಒಪ್ಪಿ ಹಿಂತಿರುಗಿಸುವುದೇ ಈ ದೋಷವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಇದನ್ನು ಕಳವಿನ ಸಾಲಿಗೆ ಸೇರಿಸದೆ ಮಾತಿನ ದೋಷವಾಗಿ ಗಣಿಸಿರುವುದು ಮನನೀಯ. ಬಸದಿಯ ನಿಧಿಯೂ ಒಂದು ನ್ಯಾಸವೇ. ವಾರ್ಷಿಕ ಸಭೆಯಲ್ಲಿ ಭಕ್ತನೊಬ್ಬನು ಉಳಿಕೆ ಎಷ್ಟೆಂದು ಕೇಳಿದಾಗ, ಅಂಕಿಯನ್ನು ಬಲ್ಲ ಧರ್ಮದರ್ಶಿಯು ‘ಮೋರ್ ಆರ್ ಲೆಸ್ ಸರಿಯಾಗಿದೆ’ ಎಂದು ಕೈತೊಳೆದುಕೊಳ್ಳುವುದು ಆ ಅತಿಚಾರಕ್ಕೆ ದೂರವಲ್ಲ. ಅಂಕಿ ತಿಳಿಯದಿದ್ದರೆ ‘ತಿಳಿಯದು, ಪುಸ್ತಕ ನೋಡಿ ಹೇಳುವೆ’ ಎನ್ನಲು ಸಂಕೋಚವೇಕೆ?

ತಿಳಿದಷ್ಟನ್ನು ನಿಶ್ಚಯವಾಗಿ ನುಡಿದು, ತಿಳಿಯದುದರ ಎಲ್ಲೆಯನ್ನು ಕೇಳುವವನ ಭಾಷೆಯಲ್ಲಿಯೇ ತೋರಿಸುವುದು ಶ್ರಾವಕನಿಗೆ ಒಪ್ಪುವ ನಡೆ. ಅಂಗಡಿಯಲ್ಲಿಯೂ ಬಸದಿಯಲ್ಲಿಯೂ ನಂಬಿಕೆ ನಿಂತಿರುವುದು ಇದರ ಮೇಲೆಯೇ.