ತಿಂಗಳ ಗುಳಿಗೆಯ ಖರ್ಚು

ಮುಂಬೈಯ ಕುರ್ಲಾ ಪಶ್ಚಿಮದ ಭಾಭಾ ಆಸ್ಪತ್ರೆಯಲ್ಲಿ ಬೆಳಗಿನ ಹೊತ್ತು ಕೇಸ್ ಪೇಪರ್ ಸಾಲಿನಲ್ಲಿ ನಿಂತವರನ್ನು ಮಾತಾಡಿಸಿದರೆ ಹೆಚ್ಚಾಗಿ ಕೇಳಿಬರುವುದು ದಿನನಿತ್ಯದ ಬೇನೆಗಳೇ: ಬಿಪಿ, ಶುಗರ್, ಬಿಡದ ಕೆಮ್ಮು, ಮಂಡಿನೋವು. ಮಹಾನಗರಪಾಲಿಕೆಯ ಆಸ್ಪತ್ರೆಯಾದ್ದರಿಂದ ಫೀಸು ತೀರ ಕಡಿಮೆ. ಆದರೂ ಹೋಟೆಲಿನ ಹುಡುಗನಿಗೆ, ಮನೆಗೆಲಸದ ತಾಯಿಗೆ ಅರ್ಧ ದಿನದ ದುಡಿಮೆ ತಪ್ಪುತ್ತದೆ. ಇನ್ನು ಬರೆದುಕೊಟ್ಟ ಗುಳಿಗೆಯನ್ನು ಹೊರಗಿನ ಮೆಡಿಕಲ್‌ನಲ್ಲಿ ಕೊಳ್ಳುವವರ ಪಾಡು ಬೇರೆ. ತಿಂಗಳ ಕೊನೆಗೆ ಕೈ ಬಿಗಿಯಾದಾಗ ಮೊದಲು ನಿಲ್ಲುವುದು ಆ ಗುಳಿಗೆಯೇ. ಅಕ್ಕಿ, ಬಾಡಿಗೆ, ಮಕ್ಕಳ ಫೀಸು ನಿಲ್ಲುವಂತಿಲ್ಲವಲ್ಲ.

ದೇಶದ ಆರೋಗ್ಯ ಯೋಜನೆಗಳ ಚರ್ಚೆಯಲ್ಲಿ ಈ ಗುಳಿಗೆಗೆ ಸಿಗುವ ಜಾಗ ಚಿಕ್ಕದು. 2003ರಲ್ಲಿ ಕರ್ನಾಟಕದ ಸಹಕಾರಿ ಸಂಘಗಳ ರೈತರು ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ವಂತಿಗೆ ಕಟ್ಟಿ ಯಶಸ್ವಿನಿ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆ ಪಡೆಯತೊಡಗಿದರು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು; 2024ರಲ್ಲಿ 70 ತುಂಬಿದ ಎಲ್ಲ ಹಿರಿಯರಿಗೂ ಅದು ವಿಸ್ತರಿಸಿತು. ಇಂಥ ಯೋಜನೆಗಳಿಂದ ಹೊಲ, ಒಡವೆ ಉಳಿಸಿಕೊಂಡ ಮನೆಗಳಿವೆ. ಆದರೆ ಆಯುಷ್ಮಾನ್ ಕಾರ್ಡು ಕೆಲಸಕ್ಕೆ ಬರುವುದು ಆಸ್ಪತ್ರೆಗೆ ದಾಖಲಾದಾಗ. ವರ್ಷವಿಡೀ ನುಂಗುವ ಗುಳಿಗೆಗೆ ಅದು ಒದಗುವುದಿಲ್ಲ. ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ 2021-22ರಲ್ಲಿ ದೇಶದ ಆರೋಗ್ಯ ವೆಚ್ಚದ ಪ್ರತಿ 100 ರೂಪಾಯಿಯಲ್ಲಿ ಸುಮಾರು 39 ರೂಪಾಯಿ ಜನರ ಜೇಬಿನಿಂದಲೇ ಹೋಗಿತ್ತು.

ಸರ್ಕಾರದ ಹಣಕ್ಕೂ ಮಿತಿಯಿದೆ. ವಿಮೆಗೆ ಹಾಕಿದ ರೂಪಾಯಿ ಓಣಿಯ ದವಾಖಾನೆಗೆ ಸಿಗದು. ದವಾಖಾನೆಗೆ ಹಾಕಿದ್ದು ಇಂದೇ ಹೃದಯದ ಆಪರೇಷನ್ ಆಗಬೇಕಾದವರಿಗೆ ಸಿಗದು. ಇಬ್ಬರ ಸಂಕಟವೂ ನಿಜ. 2017ರ ಆರೋಗ್ಯ ನೀತಿ ಸರ್ಕಾರಿ ವೆಚ್ಚವನ್ನು 2025ರ ಹೊತ್ತಿಗೆ ಜಿಡಿಪಿಯ ಶೇ. 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. 2021-22ರಲ್ಲಿ ಅದು ಶೇ. 1.84ರಲ್ಲಿತ್ತು. ಕೈಯಲ್ಲಿರುವುದು ಇಷ್ಟೇ ಎಂದಾಗ ವಿವೇಕ ಯಾವುದು? ಇಂದು ತಪ್ಪಿದ ಬಿಪಿ ಗುಳಿಗೆ ನಾಳೆ ಪಾರ್ಶ್ವವಾಯುವಿಗೋ ಡಯಾಲಿಸಿಸ್‌ಗೋ ದಾರಿ ಮಾಡಿಕೊಡಬಹುದು. ಆಗ ಸರ್ಕಾರವೂ ಹೆಚ್ಚು ತೆರಬೇಕು, ಮನೆಯೂ ಹೆಚ್ಚು ತೆರಬೇಕು. ಆದ್ದರಿಂದ ಮೊದಲ ರೂಪಾಯಿ ಹತ್ತಿರದ ದವಾಖಾನೆಗೆ ಸಲ್ಲುವುದೇ ಸರಿ. ಮುಂಬೈ ಪಾಲಿಕೆ 2022ರಲ್ಲಿ ಆರಂಭಿಸಿದ ‘ಆಪ್ಲಾ ದವಾಖಾನಾ’ಗಳ ಉದ್ದೇಶವೂ ಹೀಗೆ ಹತ್ತಿರದಲ್ಲೇ ಚಿಕಿತ್ಸೆ ಒದಗಿಸುವುದೇ.

ಗೃಹಸ್ಥರಾದ ನಮಗೂ ಇಲ್ಲಿ ಕರ್ತವ್ಯವಿದೆ. ಬಿಲ್ಲಿಲ್ಲದೆ ಕೊಂಡು ತೆರಿಗೆ ಉಳಿಸಿದೆವೆಂದು ಹಿಗ್ಗುವವರು ಉಚಿತ ಔಷಧಿ ಇಲ್ಲವೆಂದು ದೂರುವುದು ನ್ಯಾಯವಲ್ಲ. ಮತ ಕೇಳಿ ಬಂದವರಲ್ಲಿ ಹೊಸ ಕಟ್ಟಡ ಕೇಳುವ ಮೊದಲು ದವಾಖಾನೆಗೆ ಡಾಕ್ಟರು, ಔಷಧಿ ಕೇಳೋಣ. ನೆರೆಮನೆಯ ಅಜ್ಜಿಗೆ 70 ಆಗಿದ್ದರೆ ಆಧಾರ್ ಹಿಡಿದು ಜೊತೆಗೆ ಹೋಗಿ ಆಯುಷ್ಮಾನ್ ಕಾರ್ಡು ಮಾಡಿಸಿಕೊಡೋಣ. ಈ ತಿಂಗಳ ಗುಳಿಗೆ ತಂದಿರಾ ಎಂದೂ ವಿಚಾರಿಸೋಣ.