ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮನೆಯಲ್ಲಿ ಏನಾದರೊಂದು ಕೆಟ್ಟಾಗ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಇದು ಏಕೆ ಕೆಟ್ಟಿತು ಎಂಬುದು ಒಂದು. ಇದನ್ನು ಕೆಡಿಸಿದವರು ಯಾರು ಎಂಬುದು ಇನ್ನೊಂದು. ಮೇಲುನೋಟಕ್ಕೆ ಎರಡೂ ಒಂದೇ ಎನಿಸುತ್ತವೆ. ಆದರೆ ಮೊದಲನೆಯದಕ್ಕೆ ಉತ್ತರ ಹುಡುಕಲು ತಾಳ್ಮೆ ಬೇಕು; ಎರಡನೆಯದಕ್ಕೆ ಉತ್ತರವು ಬಹಳ ಸಲ ಪ್ರಶ್ನೆ ಹುಟ್ಟುವ ಮೊದಲೇ ಸಿದ್ಧವಾಗಿರುತ್ತದೆ. ಹಾಲು ಒಡೆದರೆ ಪಾತ್ರೆ ತೊಳೆದವಳು, ಮಿಕ್ಸಿ ಸುಟ್ಟರೆ ಕೊನೆಯಲ್ಲಿ ಮುಟ್ಟಿದವಳು, ಕಚೇರಿಯ ಲೆಕ್ಕ ತಪ್ಪಿದರೆ ಹೊಸದಾಗಿ ಸೇರಿದ ಗುಮಾಸ್ತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು ದನದ ವೈದ್ಯವನ್ನು ಕುರಿತು ಮಾತನಾಡುತ್ತಿರಲಿಲ್ಲ. ಅವರು ಕಂಡದ್ದು ಮನುಷ್ಯನ ಅವಸರವನ್ನು.

ಈ ಗಾದೆಗೆ ಇಂದಿನ ಮನೆಗಳಲ್ಲಿ ದಿನನಿತ್ಯ ಸಿಗುವ ನಿದರ್ಶನವೆಂದರೆ ಆಟದ ನಡುವೆ ನಿಂತುಹೋಗುವ ಕಂಪ್ಯೂಟರು. ತಂದೆ ಅದರಲ್ಲಿ ಆದಾಯ ತೆರಿಗೆಯ ಲೆಕ್ಕ ಹಾಕುತ್ತಾರೆ, ತಾಯಿ ದೂರದ ಬಂಧುಗಳೊಡನೆ ಮಾತನಾಡುತ್ತಾರೆ. ಆಗ ಅದು ಸಾಧು ಹಸುವಿನಂತೆ ನಡೆದುಕೊಳ್ಳುತ್ತದೆ. ಮಗ ಕುಳಿತು ಆಟವನ್ನು ತೆರೆದು ಅರ್ಧ ಗಂಟೆ ಕಳೆಯಿತೋ ಇಲ್ಲವೋ, ಪರದೆ ನಿಶ್ಚಲವಾಗುತ್ತದೆ, ಇಲ್ಲವೆ ನೀಲಿಯಾಗುತ್ತದೆ, ಇಲ್ಲವೆ ಯಂತ್ರ ಒಮ್ಮೆಲೇ ಕಣ್ಣು ಮುಚ್ಚಿ ತಾನಾಗಿಯೇ ಮತ್ತೆ ಎಚ್ಚರಗೊಳ್ಳುತ್ತದೆ. ಮನೆಯ ನ್ಯಾಯಾಲಯ ಕೂಡಲೇ ಸೇರುತ್ತದೆ. “ನಾವು ಬಳಸಿದಾಗ ಸರಿಯಾಗಿತ್ತು, ನೀನು ಮುಟ್ಟಿದಾಗ ಕೆಟ್ಟಿತು, ಆಟವಾಡಿ ಆಡಿ ಹಾಳು ಮಾಡಿದೆ.” ವಾದ ಮುಗಿಯಿತು. ಹುಡುಗನಿಗೆ ವಕೀಲರಿಲ್ಲ.

ಈ ತೀರ್ಪು ತಪ್ಪೇ ಇರಬೇಕೆಂದು ನಾನು ಹೇಳುತ್ತಿಲ್ಲ. ಅದು ನಿಂತಿರುವ ಆಧಾರ ಸಾಲದು ಎಂಬುದಷ್ಟೇ ನನ್ನ ಮಾತು. ಪತ್ರ ಬರೆಯುವಾಗ ಕಂಪ್ಯೂಟರು ತನ್ನ ಶಕ್ತಿಯ ಸ್ವಲ್ಪ ಭಾಗವನ್ನು ಮಾತ್ರ ಬಳಸುತ್ತದೆ. ಆಟದಲ್ಲಿ ಅದು ಸೆಕೆಂಡಿಗೆ ಅರುವತ್ತು ಸಲವೋ ಇನ್ನೂ ಹೆಚ್ಚಾಗಿಯೋ ಒಂದೊಂದು ಇಡೀ ಚಿತ್ರವನ್ನು ಹೊಸದಾಗಿ ರಚಿಸಬೇಕು. ಬಿಡುವಿನಲ್ಲಿ ಬಹಳ ಕಡಿಮೆ ವಿದ್ಯುತ್ತು ಬೇಡುವ ಗ್ರಾಫಿಕ್ಸ್ ಕಾರ್ಡು ಆಟದ ಹೊತ್ತಿನಲ್ಲಿ 200 ಅಥವಾ 300 ವ್ಯಾಟ್ ಕೇಳಬಹುದು. ಬೇಡಿಕೆ ಏರಿದಂತೆ ಶಾಖ ಏರುತ್ತದೆ. ಫ್ಯಾನಿನ ಹಿಂದೆ ವರ್ಷಗಳ ಧೂಳು ಕುಳಿತಿದ್ದರೆ ಆ ಶಾಖ ಹೊರಗೆ ಹೋಗದು. ಪ್ರೋಸೆಸರ್ ಸುಮಾರು 100 ಡಿಗ್ರಿಯ ಹತ್ತಿರ ಬಂದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಪ್ರಾಣ ಉಳಿಸಿಕೊಳ್ಳಲು ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ವಿದ್ಯುತ್ತು ಒದಗಿಸುವ ಪೆಟ್ಟಿಗೆ ದುರ್ಬಲವಾಗಿದ್ದರೆ ಭಾರ ಹೆಚ್ಚಿದ ಕ್ಷಣದಲ್ಲಿಯೇ ಕೈಬಿಡುತ್ತದೆ. ನೆನಪಿನ ಪಟ್ಟಿಯಲ್ಲಿ ಒಂದು ಕಣ ಕೆಟ್ಟಿದ್ದರೆ, ಕೆಲಸ ಅಲ್ಲಿಯವರೆಗೆ ಹಬ್ಬಿದಾಗ ಮಾತ್ರ ಅದು ಬಯಲಾಗುತ್ತದೆ.

ಹೀಗಿರುವಾಗ ಆಟವು ದೋಷವನ್ನು ಹುಟ್ಟಿಸಿತೆ, ತೋರಿಸಿತೆ? ಹಳೆಯ ಸೇತುವೆಯ ಮೇಲೆ ತುಂಬಿದ ಗಾಡಿಯೊಂದು ಹೋದಾಗ ಕಂಬ ಕುಸಿದರೆ ಗಾಡಿಯವನನ್ನು ಹಿಡಿದು ದಂಡಿಸುವುದು ಸುಲಭ. ಆದರೆ ಆ ಭಾರವನ್ನು ಹೊರುವುದಕ್ಕೆಂದೇ ಸೇತುವೆಯನ್ನು ಕಟ್ಟಿದ್ದಲ್ಲವೆ? ಇನ್ನೊಬ್ಬರಲ್ಲಿ ಅಡಗಿದ್ದ ದೌರ್ಬಲ್ಯವನ್ನು ತನ್ನ ಕೆಲಸದಿಂದ ಬಯಲಿಗೆ ತಂದವನು ಅದರ ಕರ್ತನೆನಿಸಿಕೊಳ್ಳುವುದು ಲೋಕದ ರೂಢಿ. ರೂಢಿಯೆಂದ ಮಾತ್ರಕ್ಕೆ ಅದು ನ್ಯಾಯವಾಗದು.

ನಮ್ಮ ತಾರ್ಕಿಕರು ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿ ಆಲೋಚಿಸಿದ್ದರು. ಕಾರ್ಯಕ್ಕೆ ಮುಂಚೆ ಇದ್ದದ್ದೆಲ್ಲ ಕಾರಣವಲ್ಲ ಎಂಬುದು ಅವರ ನಿಲುವು. ಕುಂಬಾರನ ಮಡಕೆಗೆ ಮಣ್ಣು, ಚಕ್ರ, ಕೋಲು, ಕುಂಬಾರ ಎಲ್ಲವೂ ಕಾರಣ. ಆದರೆ ಮಣ್ಣು ಹೊತ್ತು ತಂದ ಕತ್ತೆ? ಅದೂ ಮಡಕೆಗಿಂತ ಮೊದಲು ಅಲ್ಲಿತ್ತು, ದಿನವೂ ಇರಬಹುದು. ಆದರೂ ಕತ್ತೆಯಿಲ್ಲದೆ ಮಣ್ಣು ಬಂದರೂ ಮಡಕೆ ಆಗುತ್ತದೆ. ಇಂಥದ್ದನ್ನು ಅವರು ‘ಅನ್ಯಥಾಸಿದ್ಧ’ ಎಂದು ಕರೆದು ಪಕ್ಕಕ್ಕೆ ಸರಿಸಿದರು. ಕಾಗೆ ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ನಂಟು ಕಟ್ಟುವ ಭ್ರಮೆಗೆ ‘ಕಾಕತಾಳೀಯ’ ಎಂಬ ಹೆಸರೇ ಇದೆ. ಈ ಪದಗಳನ್ನು ನಾವು ಪುಸ್ತಕದಲ್ಲಿಟ್ಟು, ಮನೆಯಲ್ಲಿ ಮಾತ್ರ ಕತ್ತೆಗೆ ಹೊಡೆಯುತ್ತ ಬಂದಿದ್ದೇವೆ.

ಕಾರಣವನ್ನು ಅರಿಯುವುದಕ್ಕೆ ಅವರು ಹೇಳಿದ ದಾರಿ ಅನ್ವಯ ಮತ್ತು ವ್ಯತಿರೇಕ: ಇದು ಇದ್ದಾಗ ಅದು ಆಗುವುದೆ, ಇದು ಇಲ್ಲದಾಗ ಅದು ಆಗದೆ ಉಳಿಯುವುದೆ ಎಂಬ ಎರಡು ಮುಖದ ಪರೀಕ್ಷೆ. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಸಣ್ಣ ಅಂಗಡಿಯಲ್ಲಿ ಕುಳಿತ ಒಳ್ಳೆಯ ಮೆಕ್ಯಾನಿಕ್ಕು, ತರ್ಕಶಾಸ್ತ್ರದ ಹೆಸರನ್ನೂ ಕೇಳದವನು, ಮಾಡುವುದು ಇದನ್ನೇ. ಎರಡು ನೆನಪಿನ ಪಟ್ಟಿಗಳಿದ್ದರೆ ಒಂದನ್ನು ತೆಗೆದು ನೋಡುತ್ತಾನೆ. ಅದನ್ನಿಟ್ಟು ಇನ್ನೊಂದನ್ನು ತೆಗೆಯುತ್ತಾನೆ. ಚೆನ್ನಾಗಿರುವ ವಿದ್ಯುತ್ ಪೆಟ್ಟಿಗೆಯನ್ನು ಬೇರೆ ಯಂತ್ರದಿಂದ ತಂದು ಜೋಡಿಸುತ್ತಾನೆ. ಪಕ್ಕದ ಮುಚ್ಚಳ ತೆರೆದು ಶಾಖವನ್ನು ಅಳೆಯುತ್ತಾನೆ. ಅವನ ಕಟ್ಟುಪಾಡು ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಅವಸರದವನು ಮೂರನ್ನು ಒಟ್ಟಿಗೆ ಬದಲಿಸುತ್ತಾನೆ. ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ಅವನಿಗೆ ತಿಳಿಯುವುದಿಲ್ಲ. ನಿರಪರಾಧಿಯಾದ ಎರಡು ಭಾಗಗಳು ಗುಜರಿಗೆ ಹೋಗುತ್ತವೆ, ಬಿಲ್ಲು ಮಾತ್ರ ಮೂರಕ್ಕೂ ಬರುತ್ತದೆ. ಇನ್ನೊಂದು ಅಪಾಯವೂ ಉಂಟು. ಬಿಟ್ಟು ಬಿಟ್ಟು ಬರುವ ಜ್ವರದಂತೆ ಈ ದೋಷವೂ ಕೆಲವು ದಿನ ತಲೆಯೆತ್ತದೆ ಇರಬಹುದು. ಇಂದು ಯಂತ್ರ ನಿಲ್ಲಲಿಲ್ಲವೆಂದರೆ ನಿನ್ನೆಯ ಚಿಕಿತ್ಸೆ ಫಲಿಸಿತೆಂದು ಸಿದ್ಧವಾಗಲಿಲ್ಲ.

ಇನ್ನು ಸಾಕ್ಷಿಗಳ ವಿಚಾರ. ಯಂತ್ರ ತಾನೇ ಸಾಕ್ಷಿ ಹೇಳುತ್ತದೆ, ಅದನ್ನು ನಂಬಿದರೆ ಸಾಲದೆ ಎಂದು ಕೇಳುವವರುಂಟು. ವಿಂಡೋಸ್ ಇರುವ ಕಂಪ್ಯೂಟರು ಹೀಗೆ ಹಠಾತ್ತಾಗಿ ನಿಂತರೆ ಅದರ ದಿನಚರಿಯಲ್ಲಿ ‘ಕರ್ನೆಲ್ ಪವರ್ 41’ ಎಂಬ ದಾಖಲೆ ಕಾಣಿಸುತ್ತದೆ. ‘ಪವರ್’ ಎಂಬ ಪದ ನೋಡಿದ ಕೂಡಲೇ ಬಹಳ ಮಂದಿ ವಿದ್ಯುತ್ ಪೆಟ್ಟಿಗೆಯೇ ಅಪರಾಧಿ ಎಂದು ಹೊಸದನ್ನು ಕೊಂಡು ತರುತ್ತಾರೆ. ಆದರೆ ಆ ದಾಖಲೆ ಬರೆಯಲ್ಪಡುವುದು ಯಂತ್ರ ಸಾಯುವಾಗಲ್ಲ, ಮತ್ತೆ ಎದ್ದ ಮೇಲೆ. ಹಿಂದಿನ ಸಲ ಕ್ರಮವಾಗಿ ಬಾಗಿಲು ಮುಚ್ಚದೆ ನಿಂತಿದ್ದೆ ಎಂದಷ್ಟೇ ಅದು ಹೇಳುತ್ತದೆ. ಏಕೆ ನಿಂತೆ ಎಂಬುದು ಅದಕ್ಕೂ ಗೊತ್ತಿಲ್ಲ. ಸಾಕ್ಷಿ ಸುಳ್ಳು ಹೇಳಲಿಲ್ಲ. ಅದು ಹೇಳಿದ್ದಕ್ಕಿಂತ ಹೆಚ್ಚನ್ನು ಕೇಳಿಸಿಕೊಂಡವರು ನಾವು.

ಇದಕ್ಕಿಂತ ದೊಡ್ಡ ಉದಾಹರಣೆಯೊಂದು ಈಚಿನ ವರ್ಷಗಳಲ್ಲಿ ಜಗತ್ತಿನ ಮುಂದೆಯೇ ನಡೆಯಿತು. 2022 ಮತ್ತು 2023ರ ಅಕ್ಟೋಬರಿನಲ್ಲಿ ಇಂಟೆಲ್ ಕಂಪನಿಯ 13 ಮತ್ತು 14ನೆಯ ಪೀಳಿಗೆಯ ಪ್ರೋಸೆಸರುಗಳು ಮಾರುಕಟ್ಟೆಗೆ ಬಂದವು. ಇವುಗಳಲ್ಲಿ ಹೆಚ್ಚು ಶಕ್ತಿಯವನ್ನು ಕೊಂಡ ಅನೇಕರ ಯಂತ್ರಗಳು ಆಟ ತೆರೆಯುವಾಗಲೇ ಬೀಳತೊಡಗಿದವು. ಪರದೆಯ ಮೇಲೆ ಬಂದ ಸೂಚನೆ, ಚಿತ್ರದ ನೆನಪು ಸಾಲದು ಎಂದು. ಚಿತ್ರದ ನೆನಪು ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಸಹಜವಾಗಿಯೇ ಸಂಶಯ ಕಾರ್ಡಿನ ಮೇಲೆ ಹೋಯಿತು, ಆಟ ಬರೆದವರ ಮೇಲೆ ಹೋಯಿತು. ನಿಜವಾಗಿ ನಡೆದದ್ದು ಬೇರೆ. ಆಟದ ಗಂಟು ಬಿಚ್ಚುವ ಲೆಕ್ಕದಲ್ಲಿ ಪ್ರೋಸೆಸರೇ ಎಡವುತ್ತಿತ್ತು. ಆ ತಪ್ಪು ಲೆಕ್ಕ ಕಾರ್ಡಿನ ಹೆಸರಿನಲ್ಲಿ ಹೊರಗೆ ಬರುತ್ತಿತ್ತು. ಮುಂದೆ 2024ರ ವಸಂತದಲ್ಲಿ ಬೆರಳು ಮದರ್‌ಬೋರ್ಡಿನ ತಯಾರಕರತ್ತ ತಿರುಗಿತು. ಅವರು ಮಿತಿಮೀರಿ ವಿದ್ಯುತ್ತು ಹರಿಯಬಿಟ್ಟದ್ದೂ ಸುಳ್ಳಲ್ಲ. ಆದರೆ ಜುಲೈನಲ್ಲಿ ಇಂಟೆಲ್ ತಾನೇ ಒಪ್ಪಿ ಹೇಳಿತು: ಪ್ರೋಸೆಸರಿನೊಳಗಿನ ಸೂಕ್ಷ್ಮ ಆಜ್ಞಾವಳಿಯೇ ಬೇಕಾದುದಕ್ಕಿಂತ ಹೆಚ್ಚು ವೋಲ್ಟೇಜನ್ನು ಕೇಳುತ್ತಿತ್ತು. ಆಗಸ್ಟಿನಲ್ಲಿ ತಿದ್ದುಪಡಿ ಬಂತು. ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಆಗಲೇ ಸವೆದುಹೋದ ಪ್ರೋಸೆಸರನ್ನು ಮಾತ್ರ ಯಾವ ತಿದ್ದುಪಡಿಯೂ ಮೊದಲಿನಂತೆ ಮಾಡಲಾರದು, ಬದಲಿಸುವುದೊಂದೇ ದಾರಿ. ಇಷ್ಟರೊಳಗೆ ಎಷ್ಟು ಮಂದಿ ಚೆನ್ನಾಗಿದ್ದ ಕಾರ್ಡನ್ನು ಬಿಚ್ಚಿಟ್ಟರೋ, ಎಷ್ಟು ಮನೆಗಳಲ್ಲಿ ಎಷ್ಟು ಹುಡುಗರು ಬೈಸಿಕೊಂಡರೋ, ಲೆಕ್ಕವಿಟ್ಟವರಾರು?

ಕಾರ್ಡನ್ನು ಬಿಚ್ಚಿಡುವುದರಲ್ಲಿ ನಷ್ಟವಾಗುವುದು ಹಣ. ಆದರೆ ಇದೇ ಅವಸರ ಮನುಷ್ಯರ ಮೇಲೆ ಹರಿದಾಗ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣ ಸಾಕ್ಷಿ. ಅಲ್ಲಿ 1999ರಿಂದ ಶಾಖಾ ಅಂಚೆ ಕಚೇರಿಗಳಿಗೆ ‘ಹೊರೈಜನ್’ ಎಂಬ ಗಣಕವ್ಯವಸ್ಥೆಯನ್ನು ಅಳವಡಿಸಿದರು. ಸಂಜೆಯ ಲೆಕ್ಕದಲ್ಲಿ ಹಣ ಕಡಿಮೆ ಬಂದಂತೆ ಅದು ತೋರಿಸಿತು. ಕೊರತೆ ಬಂದ ಕಡೆ ಕೊರತೆಗೆ ಕಾರಣ ಮೇಜಿನ ಮುಂದೆ ಕುಳಿತ ಅಂಚೆಯ ಮಾಸ್ತರರೆಂದು ಮೇಲಿನವರು ನಿರ್ಧರಿಸಿದರು. ಸಹಾಯ ಕೇಳಿ ಫೋನು ಮಾಡಿದವರಲ್ಲಿ ಅನೇಕರಿಗೆ, ಇಂಥ ತೊಂದರೆ ನಿಮ್ಮೊಬ್ಬರಿಗೇ ಬಂದಿದೆ ಎಂಬ ಉತ್ತರ ಸಿಕ್ಕಿತು. 2015ರ ಹೊತ್ತಿಗೆ 900ಕ್ಕೂ ಹೆಚ್ಚು ಮಂದಿಗೆ ಕಳವು, ಸುಳ್ಳು ಲೆಕ್ಕ ಮೊದಲಾದ ಆರೋಪಗಳ ಮೇಲೆ ಶಿಕ್ಷೆಯಾಗಿತ್ತು. ಕೆಲವರು ಸೆರೆಮನೆ ಕಂಡರು. ಕೆಲವರು ಮನೆಮಾರು ಕಳೆದುಕೊಂಡರು. ಹೆಸರು ತೊಳೆದುಕೊಳ್ಳುವ ಮೊದಲೇ ಸತ್ತವರೂ ಇದ್ದಾರೆ. 2019ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಆ ವ್ಯವಸ್ಥೆಯಲ್ಲಿ ದೋಷಗಳಿದ್ದುದನ್ನು ಎತ್ತಿಹಿಡಿಯಿತು. 2024ರಲ್ಲಿ ಪಾರ್ಲಿಮೆಂಟು ವಿಶೇಷ ಕಾನೂನನ್ನೇ ಮಾಡಿ ಆ ಶಿಕ್ಷೆಗಳನ್ನು ಅಳಿಸಬೇಕಾಯಿತು. ಯಂತ್ರ ಸರಿಯಾಗಿಯೇ ಇರುತ್ತದೆ, ಮನುಷ್ಯ ತಪ್ಪುತ್ತಾನೆ ಎಂಬ ಪರೀಕ್ಷಿಸದ ನಂಬಿಕೆಗೆ ತೆತ್ತ ಬೆಲೆ ಅದು.

“ನಿಮ್ಮೊಬ್ಬರಿಗೇ” ಎಂಬ ಆ ಮಾತನ್ನು ಸ್ವಲ್ಪ ನಿಂತು ನೋಡಬೇಕು. ದುರ್ಬಲನ ಬಾಯಿ ಮುಚ್ಚಿಸುವುದಕ್ಕೆ ಅಷ್ಟು ಸಮರ್ಥವಾದ ಮಾತು ಇನ್ನೊಂದಿಲ್ಲ. ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ನಿಲ್ಲಿಸಿದರೆ ಒಬ್ಬೊಬ್ಬನೂ ತನ್ನನ್ನೇ ಶಂಕಿಸಿಕೊಳ್ಳುತ್ತಾನೆ. ಮನೆಯ ಹುಡುಗನಿಗೆ ನಾವು ಹೇಳುವ “ನಾವು ಬಳಸಿದಾಗ ಸರಿಯಾಗಿತ್ತು” ಎಂಬುದೂ ಅದೇ ಜಾತಿಯ ಮಾತು. ತಪ್ಪು ಯಾರದೆಂದು ಅದು ಸಾಧಿಸುವುದಿಲ್ಲ. ಯಾರು ಒಂಟಿ ಎಂಬುದನ್ನು ಮಾತ್ರ ತೋರಿಸುತ್ತದೆ. ಬರೆ ಎಮ್ಮೆಗೇ ಬೀಳುವುದು ಏಕೆ? ಎತ್ತು ಉಳುವ ಪ್ರಾಣಿ, ಅದನ್ನು ಕೆಣಕಲು ಯಜಮಾನ ಹಿಂಜರಿಯುತ್ತಾನೆ. ಎಮ್ಮೆ ಸುಮ್ಮನೆ ನಿಂತಿರುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಪ್ರತಿಯೊಂದು ಕೆಡುಕಿಗೂ ಅನ್ವಯ ವ್ಯತಿರೇಕ ಹಿಡಿದು ಕುಳಿತರೆ ಸಂಸಾರ ನಡೆಯುವುದೆ? ಮನುಷ್ಯನಿಗೆ ಅಷ್ಟು ಪುರುಸೊತ್ತೆಲ್ಲಿ? ಸಂಶಯದ ಮೇಲೆಯೇ ನಾವು ಬಾಗಿಲಿಗೆ ಬೀಗ ಹಾಕುತ್ತೇವೆ, ಸಂಶಯದ ಮೇಲೆಯೇ ಔಷಧಿ ಕುಡಿಯುತ್ತೇವೆ. ಆಕ್ಷೇಪ ನ್ಯಾಯವಾದದ್ದು. ಇದಕ್ಕೆ ನನಗೆ ತೋರುವ ಉತ್ತರ ಇಷ್ಟು: ಸಂಶಯವು ಮುನ್ನೆಚ್ಚರಿಕೆಗೆ ಸಾಕು, ದಂಡನೆಗೆ ಸಾಲದು. ಕಾರಣ ತಿಳಿಯುವವರೆಗೆ ಆ ಆಟವನ್ನು ನಾಲ್ಕು ದಿನ ನಿಲ್ಲಿಸೋಣ ಎಂದು ಹುಡುಗನಿಗೆ ಹೇಳುವುದು ಒಂದು. ನೀನು ಕೆಡಿಸಿದೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಾಳೆ ಹಿಂತೆಗೆದುಕೊಳ್ಳಬಹುದು. ಎರಡನೆಯದು ಸುಳ್ಳೆಂದು ತಿಳಿದ ಮೇಲೂ ಅವನ ಮನಸ್ಸಿನಲ್ಲಿ ಉಳಿಯುತ್ತದೆ. ಹೇಳಿದವರು ಮರೆತರೂ ಕೇಳಿದವನು ಮರೆಯುವುದಿಲ್ಲ. ತಪ್ಪು ಯಂತ್ರಭಾಗವನ್ನು ತೆಗೆದರೆ ಮತ್ತೆ ಜೋಡಿಸಬಹುದು. ಬರೆ ಹಾಕಿದ ಚರ್ಮ ಮಾತ್ರ ಹಾಗಲ್ಲ.

ಎರಡನೆಯ ಮಾತು. ಎಷ್ಟು ಹುಡುಕಿದರೂ ಕಾರಣ ಸಿಗದಿರುವ ಸಂದರ್ಭಗಳೂ ಇವೆ. ನೆನಪಿನ ಪಟ್ಟಿ ರಾತ್ರಿಯೆಲ್ಲ ಪರೀಕ್ಷೆಯಲ್ಲಿ ಗೆದ್ದಿರುತ್ತದೆ, ಶಾಖ ಮಿತಿಯಲ್ಲಿರುತ್ತದೆ, ವಿದ್ಯುತ್ತು ಸಾಕಷ್ಟಿರುತ್ತದೆ. ಆದರೂ ತಿಂಗಳಿಗೊಮ್ಮೆ ಯಂತ್ರ ಬೀಳುತ್ತದೆ. ಆಗ “ತಿಳಿಯದು” ಎನ್ನುವುದಕ್ಕೆ ನಮಗೆ ಧೈರ್ಯ ಬೇಕು. ಖಾಲಿ ಬಿಟ್ಟ ಕುರ್ಚಿಯನ್ನು ಕಂಡರೆ ಯಾರನ್ನಾದರೂ ಅಲ್ಲಿ ಕೂರಿಸಬೇಕೆನಿಸುವುದು ಮನಸ್ಸಿನ ಸ್ವಭಾವ. ಅಪರಾಧಿಯ ಸ್ಥಾನವೂ ಹಾಗೆ. ಅದನ್ನು ಖಾಲಿಯಾಗಿಯೇ ಉಳಿಸಿಕೊಳ್ಳುವುದು ಒಂದು ಸಂಯಮ. ಮನೆಯ ಹಿರಿಯರಿಗೂ ಕಚೇರಿಯ ಮೇಲಧಿಕಾರಿಗಳಿಗೂ ನ್ಯಾಯಾಧೀಶರಿಗೂ ಬೇಕಾದದ್ದು ಈ ಒಂದೇ ಸಂಯಮ.

ಹುಡುಗ ಆಟದಲ್ಲಿ ಹೊತ್ತು ಕಳೆಯುತ್ತಾನೆ ಎಂಬ ದೂರು ಬೇರೆ. ಅದನ್ನು ಬೇರೆಯಾಗಿಯೇ ವಿಚಾರಿಸಬಹುದು, ವಿಚಾರಿಸಲೂ ಬೇಕು. ಆ ದೂರಿಗೆ ಕೆಟ್ಟ ಕಂಪ್ಯೂಟರನ್ನು ಸಾಕ್ಷಿಯಾಗಿ ಕರೆಯುವುದು ಮಾತ್ರ ಸಲ್ಲದು. ಅವನು ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದ ಸಿಟ್ಟನ್ನು ಯಂತ್ರದ ನೆಪದಲ್ಲಿ ತೀರಿಸಿಕೊಳ್ಳುವ ಬದಲು, ಮುಂದಿನ ಭಾನುವಾರ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ವಿದ್ಯುತ್ತಿನ ತಂತಿಯನ್ನು ಕಳಚಿ, ಪೆಟ್ಟಿಗೆಯ ಮುಚ್ಚಳವನ್ನು ಬಿಚ್ಚಿ, ಫ್ಯಾನಿನ ಧೂಳು ತೆಗೆಯುವುದರಿಂದ ಆರಂಭಿಸಬಹುದು. ಒಂದಾದ ಮೇಲೊಂದು ನೋಡುತ್ತ ಹೋದರೆ ದೋಷ ಸಿಕ್ಕರೂ ಸಿಗಬಹುದು. ಸಿಗದಿದ್ದರೂ, ಒಬ್ಬರ ಮೇಲೆ ದೋಷ ಹೊರಿಸುವುದಕ್ಕೆ ಮೊದಲು ಎಷ್ಟನ್ನು ನೋಡಬೇಕಾಗುತ್ತದೆ ಎಂಬುದನ್ನು ಆ ಹುಡುಗ ಒಂದು ಬೆಳಗಿನಲ್ಲಿ ಕಲಿತಿರುತ್ತಾನೆ.