ಗೆದ್ದವನು ನಮ್ಮವನು, ಸೋತವನು ಯಾರವನು?

ಆಟದಲ್ಲಿ ಸೋಲು ಗೆಲುವು ಸಹಜ ಎಂದು ನಾವೆಲ್ಲರೂ ಹೇಳುತ್ತೇವೆ. ಶಾಲಾ ಕ್ರೀಡಾಕೂಟವನ್ನು ಉದ್ಘಾಟಿಸಲು ಬಂದ ಅತಿಥಿಗಳು ಈ ಮಾತನ್ನು ಹೇಳದೆ ಮೈಕ್ ಬಿಡುವುದಿಲ್ಲ. ಆದರೆ ಅದನ್ನು ನಾವು ನಿಜವಾಗಿಯೂ ನಂಬಿದ್ದೇವೆಯೇ? ನಂಬಿದ್ದರೆ, ಗೆದ್ದು ಬಂದ ಹುಡುಗನಿಗೆ ಬಸ್ ನಿಲ್ದಾಣದಲ್ಲೇ ಹಾರ ಹಾಕಿ ತಮಟೆ ಬಡಿಸುವ ಊರು, ಸೋತು ಬಂದವನು ಅದೇ ಬಸ್ಸಿನಿಂದ ಇಳಿದಾಗ ಮುಖ ಬೇರೆಡೆಗೆ ತಿರುಗಿಸುವುದೇಕೆ? ‘ಅವನಿಗೆ ಮನೋಬಲ ಸಾಲದು’ ಎಂಬ ಒಂದು ವಾಕ್ಯದಲ್ಲಿ ವರ್ಷಗಳ ಬೆವರನ್ನು ಒರೆಸಿ ಹಾಕುವುದೇಕೆ? ಕ್ರೀಡಾಪಟುವಿನ ಮನಸ್ಸಿನ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ವೈದ್ಯರಿಗೆ, ತರಬೇತುದಾರರಿಗೆ ಬಿಟ್ಟುಬಿಡುತ್ತೇವೆ. ವಾಸ್ತವದಲ್ಲಿ ಅದು ಒಂದು ನೈತಿಕ ಪ್ರಶ್ನೆಯೂ ಹೌದು. ಅದಕ್ಕೆ ಉತ್ತರಿಸಬೇಕಾದವರು ಆಡುವವರಿಗಿಂತ ಹೆಚ್ಚಾಗಿ ನೋಡುವವರು, ಅಂದರೆ ನಾವು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದ ನೆಲವಿದು. ಹತ್ತಿರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಕೋಲಾರದ ಮಾರುಕಟ್ಟೆಯಲ್ಲಿ ಒಂದು ವಾರ ಚಿನ್ನದ ಬೆಲೆ ಪಡೆದ ಟೊಮೆಟೊ ಮತ್ತೊಂದು ವಾರ ರಸ್ತೆ ಬದಿಗೆ ಬೀಳುತ್ತದೆ. ಶ್ರೀನಿವಾಸಪುರದ ಮಾವಿನ ಕಥೆಯೂ ಅದೇ. ಇಂಥ ಕಡೆ ಬಹಳಷ್ಟು ಯುವಕರಿಗೆ ಮೈದಾನವೆಂದರೆ ಬಿಡುವಿನ ವೇಳೆಯ ಜಾಗವಲ್ಲ. ನಸುಕಿನಲ್ಲಿ ಕ್ರೀಡಾಂಗಣದ ಸುತ್ತ, ಹೆದ್ದಾರಿಯ ಅಂಚಿನಲ್ಲಿ ಓಡುವ ಹುಡುಗರಲ್ಲಿ ಅನೇಕರ ಕಣ್ಣು ಪದಕದ ಮೇಲಿಲ್ಲ, ಪೊಲೀಸ್ ಅಥವಾ ಸೇನೆಯ ನೇಮಕಾತಿಯ ಮೇಲಿದೆ. ಸೇನೆಯ ನೇಮಕಾತಿಯಲ್ಲಿ ಓಡಬೇಕಾದದ್ದು 1600 ಮೀಟರ್. ಅಲ್ಲಿ ನಾಲ್ಕಾರು ಸೆಕೆಂಡು ತಡವಾದರೆ ಒಂದು ಕುಟುಂಬದ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ. ಕಬಡ್ಡಿ ಆಡುವ ಹುಡುಗಿಗೆ ಕ್ರೀಡಾ ಕೋಟಾದ ಒಂದು ಸೀಟು ಸಿಕ್ಕರೆ ಮದುವೆಯ ಮಾತು ನಾಲ್ಕು ವರ್ಷ ಮುಂದಕ್ಕೆ ಹೋಗುತ್ತದೆ. ಸಿಗದಿದ್ದರೆ ಹೋಗುವುದಿಲ್ಲ. ಆಕೆ ಅಂಕಣಕ್ಕೆ ಇಳಿಯುವಾಗ ಎದುರಾಳಿಗಳು ಏಳು ಮಂದಿ ಮಾತ್ರವಲ್ಲ.

ಬೆಲೆ ಬಿದ್ದಾಗ ರೈತನನ್ನು ನಾವು ‘ನಿನಗೆ ಮನೋಬಲ ಸಾಲದು’ ಎಂದು ಜರಿಯುವುದಿಲ್ಲ. ಮಳೆ, ಮಾರುಕಟ್ಟೆ, ದಲ್ಲಾಳಿ, ಸರ್ಕಾರ ಎಂದು ಕಾರಣಗಳನ್ನು ಎಣಿಸುತ್ತೇವೆ. ಆದರೆ ಓಟಗಾರ ಸೋತಾಗ ಕಾರಣವೆಲ್ಲವೂ ಅವನ ಎದೆಯೊಳಗೇ ಇದೆ ಎಂದು ತೀರ್ಮಾನಿಸುತ್ತೇವೆ. ಇದು ನ್ಯಾಯವೇ?

ಮನಸ್ಸು ದೇಹದ ಆಟವನ್ನು ಹೇಗೆ ಬದಲಿಸುತ್ತದೆ ಎಂಬ ಬಗ್ಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ಅಧ್ಯಯನ ನಡೆದಿದೆ. 1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್, ಸೈಕಲ್ ಸವಾರರು ಒಂಟಿಯಾಗಿ ಓಡಿಸುವುದಕ್ಕಿಂತ ಜೊತೆಯಲ್ಲಿ ಇನ್ನೊಬ್ಬರಿದ್ದಾಗ ವೇಗವಾಗಿ ಓಡಿಸುತ್ತಾರೆ ಎಂಬುದನ್ನು ಗಮನಿಸಿದರು. ಅದನ್ನೇ ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದಾಗ ಕೆಲವು ಮಕ್ಕಳು ಪೈಪೋಟಿಯಲ್ಲಿ ಚುರುಕಾದರು, ಕೆಲವರು ಗಡಿಬಿಡಿಗೊಂಡು ಹಿಂದೆ ಬಿದ್ದರು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗ ಇನ್ನೊಂದು ಸತ್ಯವನ್ನು ತೋರಿಸಿತು: ಕೆಲಸ ಕಷ್ಟದ್ದಾಗಿದ್ದಾಗ ಒತ್ತಡ ಒಂದು ಹದದವರೆಗೆ ಕಲಿಕೆಗೆ ನೆರವಾಗುತ್ತದೆ, ಹದ ಮೀರಿದರೆ ಅದೇ ಒತ್ತಡ ಕಲಿಕೆಯನ್ನು ಕೆಡಿಸುತ್ತದೆ. ನಮ್ಮ ಅಡುಗೆಮನೆಯ ಯಾವ ತಾಯಿಗೂ ಇದು ಹೊಸ ವಿಷಯವಲ್ಲ. ಬೆಂಕಿಯಿಲ್ಲದೆ ಅನ್ನ ಬೇಯುವುದಿಲ್ಲ, ಉರಿ ಹೆಚ್ಚಾದರೆ ತಳ ಹಿಡಿಯುತ್ತದೆ.

ತಳ ಹಿಡಿಯುವುದು ಹೇಗೆ? ಸಾವಿರ ಬಾರಿ ಅಭ್ಯಾಸ ಮಾಡಿದ ಚಲನೆಯನ್ನು ದೇಹ ತಾನಾಗಿಯೇ ಮಾಡುತ್ತದೆ. ಕಬಡ್ಡಿ ಅಂಕಣದೊಳಗೆ ದಾಳಿಗೆ ಹೋದವನು ಯಾವ ಕಾಲು ಮುಂದಿಡಬೇಕು ಎಂದು ಯೋಚಿಸುವುದಿಲ್ಲ. ಕಾಲು ತಾನೇ ಹೋಗುತ್ತದೆ. ‘ಈಗ ತಪ್ಪಿದರೆ ಏನಾದೀತು? ಅಪ್ಪ ಏನೆನ್ನುತ್ತಾರೆ? ಊರು ಏನೆನ್ನುತ್ತದೆ?’ ಎಂಬ ಭಯ ಹೊಕ್ಕಾಗ ಅವನು ತನ್ನ ಕಾಲನ್ನೇ ನೋಡತೊಡಗುತ್ತಾನೆ. ತಾನಾಗಿ ನಡೆಯುತ್ತಿದ್ದುದನ್ನು ಅಪ್ಪಣೆ ಕೊಟ್ಟು ನಡೆಸಲು ಹೋಗುತ್ತಾನೆ. ಉಸಿರು ಮೊಟಕಾಗುತ್ತದೆ, ಸ್ನಾಯು ಬಿಗಿಯುತ್ತದೆ, ಅಲ್ಲಿಗೆ ಚಲನೆ ಮುರಿಯುತ್ತದೆ. ಹಾಗಾದರೆ ಆ ಭಯ ಬಂದದ್ದು ಎಲ್ಲಿಂದ? ಅದರಲ್ಲಿ ದೊಡ್ಡ ಪಾಲು ಹೊರಗಿನದು. ನಾವು ಕೊಟ್ಟದ್ದು. ಹುಡುಗನ ಹೆಗಲ ಮೇಲೆ ನಾವೇ ಮೂಟೆ ಹೊರಿಸಿ, ಅನಂತರ ಅವನು ನಿಧಾನವಾಗಿ ಓಡಿದ ಎಂದು ದೂರುತ್ತೇವೆ.

ಈಗ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. ದೊಡ್ಡ ತಂಡಗಳಲ್ಲಿ ಮನಶ್ಶಾಸ್ತ್ರಜ್ಞರಿದ್ದಾರೆ. ಧ್ಯಾನ, ಉಸಿರಾಟ, ಏಕಾಗ್ರತೆಯ ಪಾಠಗಳಿವೆ. ಇದು ಸ್ವಾಗತಾರ್ಹವೇ. ಆದರೂ ಇಲ್ಲಿ ನಾವು ಒಂದು ಕ್ಷಣ ನಿಂತು ಕೇಳಬೇಕು: ಆಟಗಾರನ ಮನಸ್ಸಿನ ಆರೈಕೆ ಯಾವುದಕ್ಕಾಗಿ? ಅವನು ಗೆಲ್ಲಲಿ ಎಂದೋ, ಅವನು ಚೆನ್ನಾಗಿರಲಿ ಎಂದೋ? ಇವೆರಡೂ ಒಂದೇ ಎಂದು ಭಾವಿಸುವುದು ಸುಲಭ. ಆದರೆ ಒಂದೇ ಅಲ್ಲ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊತ್ತಮೊದಲ ವೈಯಕ್ತಿಕ ಚಿನ್ನ ತಂದರು. ಒಬ್ಬ ಶೂಟರ್‌ಗೆ ಅದಕ್ಕಿಂತ ಎತ್ತರದ ಗೆಲುವಿಲ್ಲ. ಆ ಚಿನ್ನದ ನಂತರ ತಮ್ಮನ್ನು ಆವರಿಸಿದ್ದು ದೊಡ್ಡ ಶೂನ್ಯ, ಖಿನ್ನತೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ನಮ್ಮ ಕರ್ನಾಟಕದ ರಾಬಿನ್ ಉತ್ತಪ್ಪ 2007ರಲ್ಲಿ ಟಿ-20 ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. 2009ರಿಂದ 2011ರ ನಡುವೆ ತಾವು ತೀವ್ರ ಖಿನ್ನತೆಯಲ್ಲಿದ್ದುದನ್ನು, ಬದುಕೇ ಬೇಡವೆಂಬ ಯೋಚನೆ ದಿನವೂ ಕಾಡುತ್ತಿದ್ದುದನ್ನು ಅವರು 2020ರಲ್ಲಿ ಬಹಿರಂಗವಾಗಿ ಹೇಳಿದರು. ಪಂದ್ಯವಿಲ್ಲದ ದಿನಗಳು ಇನ್ನೂ ಕಷ್ಟವಾಗಿದ್ದವು ಎಂಬ ಅವರ ಮಾತನ್ನು ಗಮನಿಸಬೇಕು. ಪಂದ್ಯದ ದಿನ ಸಾವಿರಾರು ಕಣ್ಣುಗಳು ಆಟಗಾರನನ್ನು ನೋಡುತ್ತವೆ. ಪಂದ್ಯವಿಲ್ಲದ ದಿನ ಆ ಮನುಷ್ಯನನ್ನು ನೋಡುವವರು ಯಾರು? ಗೆಲುವು ಬಂದರೆ ನೆಮ್ಮದಿ ಅದರ ಹಿಂದೆಯೇ ಬರುತ್ತದೆ ಎಂಬ ನಮ್ಮ ನಂಬಿಕೆಗೆ ಈ ಇಬ್ಬರ ಬದುಕೇ ಉತ್ತರ.

ಇನ್ನೊಂದು ಉದಾಹರಣೆ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ತಂಡ ವಿಭಾಗದ ಅಂತಿಮ ಸ್ಪರ್ಧೆಯ ನಡುವೆಯೇ ಹಿಂದೆ ಸರಿದರು. ಗಾಳಿಯಲ್ಲಿ ತಿರುಗುವಾಗ ತನ್ನ ದೇಹ ಎಲ್ಲಿದೆ ಎಂಬ ಅರಿವೇ ತಪ್ಪುತ್ತಿದೆ ಎಂದರು. ಅಂಥ ಸ್ಥಿತಿಯಲ್ಲಿ ಬಿದ್ದರೆ ಕುತ್ತಿಗೆ ಮುರಿಯಬಹುದಿತ್ತು. ಆದರೂ ಹೇಡಿ ಎಂದವರಿದ್ದರು. 2024ರ ಪ್ಯಾರಿಸ್‌ನಲ್ಲಿ ಅವರು ಮೂರು ಚಿನ್ನ ಗೆದ್ದಾಗ, ‘ನೋಡಿ, ಅಂದು ಹಿಂದೆ ಸರಿದದ್ದು ಸರಿಯಾಗಿತ್ತು’ ಎಂಬ ಮಾತು ಕೇಳಿಬಂತು. ಇಲ್ಲಿಯೇ ನಮಗೆ ಭಿನ್ನಾಭಿಪ್ರಾಯವಿದೆ. ಬೈಲ್ಸ್ ಮತ್ತೆ ಒಂದು ಪದಕವನ್ನೂ ಗೆಲ್ಲದಿದ್ದರೆ ಆ ನಿರ್ಧಾರ ತಪ್ಪಾಗುತ್ತಿತ್ತೇ? ಮನುಷ್ಯನ ಆರೋಗ್ಯಕ್ಕೆ ಪದಕದ ಸಮರ್ಥನೆ ಬೇಕೆಂದರೆ ನಾವು ಇನ್ನೂ ಪದಕವನ್ನೇ ಪೂಜಿಸುತ್ತಿದ್ದೇವೆ ಎಂದರ್ಥ. ಎತ್ತಿಗೆ ಹುಲ್ಲು ಹಾಕುವುದು ಉಳುಮೆಗಾಗಿ ಮಾತ್ರ ಎಂದಾದರೆ ಅದು ಲೆಕ್ಕಾಚಾರ, ದಯೆಯಲ್ಲ.

ಇದಕ್ಕೆ ಆಕ್ಷೇಪ ಇಲ್ಲದಿಲ್ಲ. ‘ಕಠಿಣವಾಗಿ ನಡೆಸಿಕೊಳ್ಳದೆ ಯಾರೂ ಚಾಂಪಿಯನ್ ಆಗಲಿಲ್ಲ, ಬೈಗುಳ ತಿಂದವರೇ ಬೆಳೆದದ್ದು’ ಎನ್ನುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಬೆಳಗಿನ ನಾಲ್ಕೂವರೆಗೆ ಏಳದೆ, ಕಾಲು ನೋಯದೆ, ಬೇಸರವನ್ನು ನುಂಗದೆ ಯಾರೂ ಓಟಗಾರರಾಗುವುದಿಲ್ಲ. ಆದರೆ ತರಬೇತಿಯ ಕಾಠಿಣ್ಯ ಬೇರೆ, ಅವಮಾನ ಬೇರೆ. ‘ಇನ್ನೊಂದು ಸುತ್ತು ಓಡು’ ಎಂಬುದು ಶಿಸ್ತು. ‘ನಿನ್ನಂಥವನಿಂದ ಏನಾದೀತು’ ಎಂಬುದು ಗಾಯ. ಬೈಗುಳ ತಿಂದು ಗೆದ್ದವರ ಹೆಸರು ನಮಗೆ ಗೊತ್ತು. ಬೈಗುಳ ತಿಂದು ಮೈದಾನವನ್ನೇ ಬಿಟ್ಟವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಉಳಿದವರನ್ನು ಮಾತ್ರ ಎಣಿಸಿ ಪದ್ಧತಿ ಸರಿ ಎನ್ನುವುದು, ಬದುಕಿದ ಸಸಿಗಳನ್ನು ಮಾತ್ರ ತೋರಿಸಿ ಬರ ಒಳ್ಳೆಯದು ಎಂದಂತೆ. ಹೆಣ್ಣುಮಕ್ಕಳ ವಿಷಯದಲ್ಲಿ ಶಿಸ್ತಿನ ಹೆಸರಿನ ಮೌನ ಇನ್ನೂ ಅಪಾಯಕಾರಿ. 2023ರಲ್ಲಿ ದೇಶದ ಹೆಸರಾಂತ ಮಹಿಳಾ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ದೂರು ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂರಬೇಕಾಯಿತು. ಸುರಕ್ಷತೆಯಿಲ್ಲದ ಕಡೆ ಮನೋಬಲದ ಉಪನ್ಯಾಸಕ್ಕೆ ಅರ್ಥವಿಲ್ಲ.

ಸೋಲಿನ ಬೆಲೆ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. 2021ರ ಆಗಸ್ಟ್‌ನಲ್ಲಿ ಭಾರತದ ಮಹಿಳಾ ಹಾಕಿ ತಂಡ ಟೋಕಿಯೊದಲ್ಲಿ ಸೆಮಿಫೈನಲ್ ಸೋತಿತು. ಕೆಲವೇ ದಿನಗಳ ಹಿಂದೆ ದಕ್ಷಿಣ ಆಫ್ರಿಕಾ ವಿರುದ್ಧ ಹ್ಯಾಟ್ರಿಕ್ ಗೋಲು ಹೊಡೆದಿದ್ದ ವಂದನಾ ಕಟಾರಿಯಾ ಅವರ ಮನೆಯ ಮುಂದೆ ಪಟಾಕಿ ಸಿಡಿಸಿ, ಜಾತಿ ಹಿಡಿದು ನಿಂದಿಸಿದ ಬಗ್ಗೆ ಕುಟುಂಬ ದೂರು ನೀಡಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದುಬೈಯಲ್ಲಿ ಪಾಕಿಸ್ತಾನದ ವಿರುದ್ಧ ಸೋತದ್ದು ಹನ್ನೊಂದು ಮಂದಿ. ಧರ್ಮದ ಹೆಸರಿನಲ್ಲಿ ಬೈಗುಳ ತಿಂದದ್ದು ಮುಹಮ್ಮದ್ ಶಮಿ ಒಬ್ಬರೇ. ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಅವರ ಪರ ನಿಂತದ್ದು ಸಮಾಧಾನದ ಸಂಗತಿ. ಗೆದ್ದಾಗ ಎಲ್ಲರವನು, ಸೋತಾಗ ಅವನ ಜಾತಿಯವನು, ಅವನ ಧರ್ಮದವನು. ಒಂದು ಕ್ಯಾಚ್ ಬಿಟ್ಟರೆ ಪೌರತ್ವವೇ ಪ್ರಶ್ನೆಗೆ ಒಳಗಾಗುವುದಾದರೆ ಆ ಆಟಗಾರ ಹೊರುವ ಭಾರವನ್ನು ಯಾವ ಉಸಿರಾಟದ ಪಾಠ ಇಳಿಸೀತು?

ತಾಲೂಕು ಮಟ್ಟದಲ್ಲಿ ಮನಶ್ಶಾಸ್ತ್ರಜ್ಞರನ್ನು ಎಲ್ಲಿಂದ ತರೋಣ ಎಂದು ಕೇಳಬಹುದು. ಕೋಲಾರದಿಂದ ಬೆಂಗಳೂರಿನ ನಿಮ್ಹಾನ್ಸ್ ಸುಮಾರು 70 ಕಿಲೋಮೀಟರ್ ದೂರ. ದಾರಿಗಿಂತ ದೊಡ್ಡ ದೂರ ನಮ್ಮ ನಾಲಗೆಯಲ್ಲಿದೆ. ‘ಅವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂಬುದು ನಮಗೆ ಇನ್ನೂ ಹಾಸ್ಯ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಗೆ, 14416 ಸಂಖ್ಯೆಗೆ, ಯಾರು ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪ್ರತಿ ಶಾಲೆಯ ಕ್ರೀಡಾ ಕೊಠಡಿಯ ಗೋಡೆಯ ಮೇಲೆ ಆ ಸಂಖ್ಯೆ ಬರೆಸಲು ಒಂದು ಡಬ್ಬಿ ಬಣ್ಣ ಸಾಕು. ದೈಹಿಕ ಶಿಕ್ಷಕರು ಸೋತ ಮಗುವನ್ನು ಮೊದಲು ‘ಊಟ ಮಾಡಿದೆಯಾ?’ ಎಂದು ಕೇಳಲು ಯಾವ ಅನುದಾನವೂ ಬೇಡ. ಅಪ್ಪ ಅಮ್ಮಂದಿರು ನೆರೆಮನೆಯ ಹುಡುಗನ ಸೆಕೆಂಡುಗಳನ್ನು ಮಗನ ತಟ್ಟೆಯ ಮುಂದೆ ಬಡಿಸದಿರಲೂ ಖರ್ಚಿಲ್ಲ. ಓಟದ ಜೊತೆಗೆ ಓದು, ಒಂದು ಕಸುಬು, ನಾಲ್ಕು ಗೆಳೆಯರು ಇರುವಂತೆ ನೋಡಿಕೊಂಡರೆ, ಓಟ ಕೈಕೊಟ್ಟ ದಿನ ನಿಲ್ಲಲು ಒಂದು ನೆಲವಿರುತ್ತದೆ.

1940ರಲ್ಲಿ ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ರಿಲೇ ತಂಡದಲ್ಲಿ ಓಡಿದರು. 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಒಲಿಂಪಿಕ್ ಪದಕ ಅವರಿಗೆ ಸಿಗಲಿಲ್ಲ. 2022ರಲ್ಲಿ ಅವರು ತೀರಿಕೊಂಡಾಗ ಬಲ್ಲವರು ನೆನೆದದ್ದು ಅವರ ವೇಗವನ್ನು ಮಾತ್ರವಲ್ಲ, ಸಜ್ಜನಿಕೆಯನ್ನೂ ಸಹ. ಪದಕಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ತಮ್ಮ ಗೀತಾ ವ್ಯಾಖ್ಯಾನವಾದ ‘ಜೀವನಧರ್ಮಯೋಗ’ದಲ್ಲಿ ಸಮಚಿತ್ತವನ್ನು ದಿನದ ಬದುಕಿನ ಧರ್ಮವಾಗಿ ವಿವರಿಸಿದವರು. ಗೆಲುವು ಸೋಲುಗಳನ್ನು ಸಮನಾಗಿ ಕಾಣು ಎಂಬ ಮಾತನ್ನು ನಾವು ಯಾವಾಗಲೂ ಸೋತವನಿಗೇ ಬೋಧಿಸುತ್ತೇವೆ. ಅತ್ತ ಕಣ್ಣೀರು ಆರುವ ಮೊದಲೇ ಬೋಧಿಸುತ್ತೇವೆ. ಆ ಪಾಠ ಮೊದಲು ಬೇಕಾದದ್ದು ಅಂಕಣದ ಹೊರಗೆ ಕುಳಿತ ನಮಗೆ. ನಾವು ಸಮಚಿತ್ತರಾದರೆ ಒಳಗಿರುವವರ ಭಯದಲ್ಲಿ ಒಂದು ಪಾಲು ತಾನಾಗಿಯೇ ಇಳಿಯುತ್ತದೆ. ಅವರು ಚೆನ್ನಾಗಿ ಆಡಲೂಬಹುದು. ಆಡದಿದ್ದರೂ ಮನೆಗೆ ಬಂದಾಗ ಬಾಗಿಲು ತೆರೆದಿರುತ್ತದೆ. ಒಂದು ಊರು ತನ್ನ ಮಕ್ಕಳಿಗೆ ಕೊಡಬೇಕಾದದ್ದು ಮೊದಲು ಇದನ್ನು. ಹಾರ ತಮಟೆ ಆಮೇಲಿನ ಮಾತು.